ನಿದ್ದೆ ಬರ್ತದಾ ಸಿಸ್ಟರ್?

ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ಸೇರಿ 26 ವರ್ಷ ಆಯಿತು. ಅದರಲ್ಲಿ ಹೆಚ್ಚಿನ ಕಾಲ ಕ್ಯಾಶುವಾಲ್ಟಿಯಲ್ಲೇ ಕಳೆದಿದ್ದೇನೆ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಪತ್ತೇದಾರಿ ಕಾದಂಬರಿ ಇರುತ್ತದೆ. ರಾತ್ರಿ ಊಟದ ಬಿಡುವಿನಲ್ಲಿ ಅದನ್ನು ಹೊರಗೆ ತೆಗೆದರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಹೊಸದಾಗಿ ಸೇರಿದ ಹುಡುಗಿಯರು ಕೇಳುತ್ತಾರೆ, ಆಂಬುಲೆನ್ಸ್ ಡ್ರೈವರುಗಳು ಕೇಳುತ್ತಾರೆ, ಹಬ್ಬಕ್ಕೆ ಊರಿಗೆ ಹೋದರೆ ನೆಂಟರೂ ಕೇಳುತ್ತಾರೆ.

"ಇಲ್ಲಿ ದಿನಾ ಸಾವು ನೋಡ್ತೀರಿ. ಓದುವುದೂ ಕೊಲೆ ಕಥೆಯೇ? ನಿದ್ದೆ ಬರ್ತದಾ ಸಿಸ್ಟರ್?"

ಬರುತ್ತದೆ. ಆದರೆ ಅಷ್ಟು ಹೇಳಿದರೆ ಕೇಳಿದವರಿಗೆ ಸಮಾಧಾನ ಆಗುವುದಿಲ್ಲ. ಯಾಕೆ ಓದುತ್ತೇನೆ ಅನ್ನುವುದನ್ನು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನನ್ನ ತಾಯಿಮನೆ ಉಡುಪಿ ಹತ್ತಿರ, ಕಲ್ಯಾಣಪುರದಲ್ಲಿ. ಆಟಿ ತಿಂಗಳ ಮಳೆಗೆ ಹೊರಗೆ ಕಾಲಿಡುವ ಹಾಗಿರಲಿಲ್ಲ. ಕರೆಂಟ್ ಹೋದರೆ ಎರಡು ಮೂರು ದಿನ ಬರುತ್ತಿರಲಿಲ್ಲ. ಚಿಮಣಿ ದೀಪದ ಮುಂದೆ ಚಿಕ್ಕಮ್ಮ ಬಾಡಿಗೆ ಲೈಬ್ರರಿಯಿಂದ ತಂದ ಪುಸ್ತಕ ಹಿಡಿದು ಕೂರುತ್ತಿದ್ದರು. ನಾವು ಮಕ್ಕಳು ಹಲಸಿನ ಹಪ್ಪಳ ಹಿಡಿದು ಸುತ್ತ ಕೂರುತ್ತಿದ್ದೆವು. ಚಿಕ್ಕಮ್ಮ ಓದುತ್ತಿದ್ದದ್ದು ಜಾಸ್ತಿ ಎನ್. ನರಸಿಂಹಯ್ಯ ಅವರ ಕಾದಂಬರಿಗಳು. ಪತ್ತೇದಾರ ಪುರುಷೋತ್ತಮ ನಮಗೆಲ್ಲ ಪಕ್ಕದ ಮನೆಯವನ ಹಾಗೆ ಗೊತ್ತಿದ್ದ.

ಅರ್ಧ ಓದಿ ಚಿಕ್ಕಮ್ಮ ಪುಸ್ತಕ ಮುಚ್ಚುತ್ತಿದ್ದರು. "ಈಗ ಹೇಳಿ, ಯಾರು?" ನಾವು ಬಾಯಿಗೆ ಬಂದ ಹೆಸರು ಹೇಳುತ್ತಿದ್ದೆವು. ಅವರು ಬಿಡುತ್ತಿರಲಿಲ್ಲ. "ನಾಯಿ ಬೊಗಳಿತ್ತಾ? ಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತಾ? ಓದಿದ್ದೇನಲ್ಲ, ನೀವು ಎಂತ ಕೇಳಿಸಿಕೊಂಡದ್ದು?" ಕಿವಿಗೊಟ್ಟು ಕೇಳುವುದನ್ನು ನಾನು ಕಲಿತದ್ದು ಅಲ್ಲಿ. ನರ್ಸಿಂಗ್ ಕಾಲೇಜಿನಲ್ಲಿ ಅಲ್ಲ.

ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. 1952ರಲ್ಲಿ ಮೊದಲ ಕಾದಂಬರಿ ಬಂತು. ಆಮೇಲೆ ಬರೆದದ್ದು 500ಕ್ಕೂ ಹೆಚ್ಚು. ದೊಡ್ಡ ಸಾಹಿತಿಗಳ ಸಾಲಿನಲ್ಲಿ ಅವರ ಹೆಸರು ಹೇಳುವವರು ಕಡಿಮೆ. ನನಗೆ ಅದು ಬೇಸರದ ವಿಷಯ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಚಿಕ್ಕಮ್ಮನ ಕೈಗೆ ಪುಸ್ತಕ ಕೊಟ್ಟವರು ಅವರು. ಅಂಥ ಸಾವಿರಾರು ಚಿಕ್ಕಮ್ಮಂದಿರು ಇದ್ದರು. ಅವರೆಲ್ಲ ಆಮೇಲೆ ಮಣಿಪಾಲದ ತರಂಗ ವಾರಪತ್ರಿಕೆಯ ಧಾರಾವಾಹಿಗೆ ಬಂದರು, ಅಲ್ಲಿಂದ ಬೇರೆ ಬೇರೆ ಪುಸ್ತಕಗಳಿಗೆ ಹೋದರು. ಮೊದಲ ಮೆಟ್ಟಿಲು ಆ ಸಣ್ಣ ಪತ್ತೇದಾರಿ ಪುಸ್ತಕ.

ನರ್ಸ್ ಆದ ಮೇಲೆ ನನಗೆ ಇನ್ನೊಂದು ವಿಷಯ ತಿಳಿಯಿತು. ಪತ್ತೇದಾರರಲ್ಲೆಲ್ಲ ಹೆಸರುವಾಸಿಯಾದವನು ಹುಟ್ಟಿದ್ದೇ ಆಸ್ಪತ್ರೆಯಲ್ಲಿ. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ 1870ರ ದಶಕದಲ್ಲಿ ಎಡಿನ್‌ಬರ್ಗ್‌ನಲ್ಲಿ ವೈದ್ಯಕೀಯ ಓದುತ್ತಿದ್ದರು. ಅಲ್ಲಿ ಜೋಸೆಫ್ ಬೆಲ್ ಎಂಬ ಸರ್ಜನ್ ಅವರ ಗುರು. ರೋಗಿ ಬಾಯಿ ಬಿಡುವ ಮೊದಲೇ ಅವನ ಕಸುಬು, ಊರು ಎಲ್ಲ ಹೇಳಿಬಿಡುತ್ತಿದ್ದರಂತೆ. ಹೋಮ್ಸ್ ಬಂದದ್ದು ಅವರಿಂದ.

ಬೆಲ್ ಅವರ ಒಂದು ಕಥೆ ನನಗೆ ತುಂಬಾ ಇಷ್ಟ. ಒಬ್ಬ ರೋಗಿ ಒಳಗೆ ಬಂದ. ಬೆಲ್ ನೋಡಿದವರೇ, ನೀನು ಸೈನ್ಯದಲ್ಲಿ ಇದ್ದವನು, ಬಿಟ್ಟು ಬಂದು ಹೆಚ್ಚು ದಿನ ಆಗಿಲ್ಲ, ಬಾರ್ಬಡೋಸ್ ದ್ವೀಪದಲ್ಲಿದ್ದೆ ಅಂದರು. ಎಲ್ಲ ಸರಿ. ಆಮೇಲೆ ವಿದ್ಯಾರ್ಥಿಗಳಿಗೆ ವಿವರಿಸಿದರು. ಮನುಷ್ಯ ಮರ್ಯಾದೆಯವನು, ಆದರೂ ಟೋಪಿ ತೆಗೆಯಲಿಲ್ಲ. ಸೈನ್ಯದಲ್ಲಿ ತೆಗೆಯುವ ಕ್ರಮ ಇಲ್ಲ. ಬಿಟ್ಟು ತುಂಬಾ ದಿನ ಆಗಿದ್ದರೆ ಊರಿನ ಅಭ್ಯಾಸ ಬಂದಿರುತ್ತಿತ್ತು. ಇನ್ನು ಅವನಿಗಿದ್ದದ್ದು ಆನೆಕಾಲು. ಅದು ಬ್ರಿಟನ್ನಿನಲ್ಲಿ ಬರುವ ರೋಗ ಅಲ್ಲ, ವೆಸ್ಟ್ ಇಂಡೀಸ್ ಕಡೆಯದ್ದು.

ಆನೆಕಾಲು ಅಂದರೆ ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಊರಿಗೆ ನಾಲ್ಕೈದು ಜನರಿಗೆ ಇತ್ತು. ಕಾಲು ನೋಡಿ ನಾವು ಮುಖ ತಿರುಗಿಸಿಕೊಳ್ಳುತ್ತಿದ್ದೆವು. ಬೆಲ್ ಅದೇ ಕಾಲು ನೋಡಿ ಆ ಮನುಷ್ಯ ಎಲ್ಲೆಲ್ಲಿ ಬದುಕಿದ್ದ ಅಂತ ಓದಿದರು. ಅವರು ನರ್ಸ್‌ಗಳಿಗಾಗಿಯೇ ಶಸ್ತ್ರಚಿಕಿತ್ಸೆಯ ಬಗ್ಗೆ ಒಂದು ಪುಸ್ತಕವನ್ನೂ ಬರೆದಿದ್ದಾರೆ. ನರ್ಸ್ ಕಣ್ಣಿಗೂ ಬೆಲೆ ಇದೆ ಅಂತ ಆ ಕಾಲದಲ್ಲೇ ನಂಬಿದ ಡಾಕ್ಟರ್ ಅವರು.

ಅಗಾಥಾ ಕ್ರಿಸ್ಟಿ ಕೂಡ ನಮ್ಮವರೇ ಅನ್ನಬೇಕು. ಮೊದಲ ಮಹಾಯುದ್ಧದ ಹೊತ್ತಿಗೆ ಅವರು ಆಸ್ಪತ್ರೆಯಲ್ಲಿ ಕೆಲಸ ಮಾಡಿದರು, ಆಮೇಲೆ ಔಷಧ ಕೊಡುವ ವಿಭಾಗಕ್ಕೆ ಹೋದರು. ವಿಷಗಳ ಪರಿಚಯ ಆದದ್ದು ಆ ಕಪಾಟಿನ ಮುಂದೆ. 1961ರಲ್ಲಿ ಬಂದ 'ದಿ ಪೇಲ್ ಹಾರ್ಸ್' ಕಾದಂಬರಿಯಲ್ಲಿ ಥ್ಯಾಲಿಯಂ ಎಂಬ ವಿಷ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ರುಚಿ ಇಲ್ಲ. ಆದರೆ ತಿಂದವರ ತಲೆಕೂದಲು ಉದುರುತ್ತದೆ.

1977ರಲ್ಲಿ ಕತಾರ್‌ನಿಂದ ಒಂದು ಪುಟ್ಟ ಮಗುವನ್ನು ಲಂಡನ್ನಿನ ಆಸ್ಪತ್ರೆಗೆ ತಂದರು. ಏನು ಕಾಯಿಲೆ ಅಂತ ಡಾಕ್ಟರುಗಳಿಗೆ ತಿಳಿಯಲಿಲ್ಲ. ಮಗು ಕೈತಪ್ಪುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಆಗ ಇದೇ ಕಾದಂಬರಿ ಓದುತ್ತಿದ್ದಳು. ಮಗುವಿನ ಕೂದಲು ಉದುರುವುದನ್ನು ಕಂಡು, ಇದು ಥ್ಯಾಲಿಯಂ ಇರಬಹುದಾ ಅಂತ ಡಾಕ್ಟರಿಗೆ ಹೇಳಿದಳು. ಪರೀಕ್ಷೆ ಮಾಡಿದರು. ಅದೇ ಆಗಿತ್ತು. ಮನೆಯಲ್ಲಿ ಜಿರಳೆ, ಇಲಿಗಳಿಗೆ ಇಟ್ಟಿದ್ದ ವಿಷ ಮಗುವಿನ ಹೊಟ್ಟೆ ಸೇರಿತ್ತು. ಮಗು ಬದುಕಿತು. ಆ ನರ್ಸ್ ಡಾಕ್ಟರಿಗೆ ಹೇಳಲು ಹೋದ ಆ ಒಂದು ಗಳಿಗೆಯನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಕಾದಂಬರಿಯಲ್ಲಿ ಓದಿದೆ ಸಾರ್ ಅಂತ ಹೇಳಲು ಎಷ್ಟು ಧೈರ್ಯ ಬೇಕು ಅಲ್ವಾ?

ಹಾಗಂತ ಕೈಗೆ ಸಿಕ್ಕಿದ್ದೆಲ್ಲ ನಾನು ಓದುವುದಿಲ್ಲ. ಕೆಲವು ಪುಸ್ತಕ ಅರ್ಧಕ್ಕೆ ಬಿಡುತ್ತೇನೆ.

ಕೊನೆಯ ಇಪ್ಪತ್ತು ಪುಟದಲ್ಲಿ ಕೊಲೆಗಾರ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ತಾನೇ ಹೇಳಿಬಿಡುವ ಕಥೆ ನನಗೆ ಹಿಡಿಸುವುದಿಲ್ಲ. ಒಪ್ಪಿಕೊಂಡ ಮಾತ್ರಕ್ಕೆ ಸತ್ಯ ಆಗುವುದಿಲ್ಲ. ನಮ್ಮಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. 1872ರ ಕಾಯ್ದೆಯಲ್ಲಿ ಇದ್ದ ಈ ನಿಯಮ 2024ರಲ್ಲಿ ಹೊಸ ಕಾನೂನು ಬಂದ ಮೇಲೂ ಉಳಿದಿದೆ. ಯಾಕೆ ಬೇಕು ಅನ್ನುವುದಕ್ಕೆ ಇಂಗ್ಲೆಂಡಿನ ಲೆಸ್ಟರ್ ಹತ್ತಿರ ನಡೆದದ್ದು ನೋಡಿ. 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು, ಹದಿನೈದು ವರ್ಷದ ಇಬ್ಬರು ಹುಡುಗಿಯರ ಕೊಲೆಯಾಯಿತು. ಹದಿನೇಳರ ಒಬ್ಬ ಹುಡುಗ ಎರಡನೇ ಕೊಲೆ ತಾನೇ ಮಾಡಿದ್ದು ಅಂತ ಒಪ್ಪಿಕೊಂಡ. ಅಲ್ಲಿನ ವಿಜ್ಞಾನಿ ಅಲೆಕ್ ಜೆಫ್ರಿಸ್ ಡಿಎನ್‌ಎ ಪರೀಕ್ಷೆ ಮಾಡಿ, ಎರಡನ್ನೂ ಮಾಡಿದವನು ಒಬ್ಬನೇ, ಅವನು ಈ ಹುಡುಗ ಅಲ್ಲ ಅಂದರು. ಪೊಲೀಸರು ಸುತ್ತಲ ಊರುಗಳ ಸುಮಾರು 5,000 ಗಂಡಸರ ಮಾದರಿ ತೆಗೆದರು. ನಿಜವಾದ ಕೊಲೆಗಾರ ತನ್ನ ಬದಲಿಗೆ ಜೊತೆಗೆ ಕೆಲಸ ಮಾಡುವವನನ್ನು ಕಳಿಸಿದ್ದ. ಆ ಮನುಷ್ಯ ಅದನ್ನು ಪಬ್ಬಿನಲ್ಲಿ ಬಾಯಿಬಿಟ್ಟ. ಕೇಳಿಸಿಕೊಂಡವರು ಪೊಲೀಸರಿಗೆ ತಿಳಿಸಿದರು. ಡಿಎನ್‌ಎ ಒಬ್ಬ ಹುಡುಗನನ್ನು ಉಳಿಸಿತು, ಕೊಲೆಗಾರನನ್ನು ಹಿಡಿದುಕೊಟ್ಟದ್ದು ಒಬ್ಬರ ಕಿವಿ. ಚಿಕ್ಕಮ್ಮನಿಗೆ ಹೇಳಿದಾಗ ಅವರಿಗೆ ತುಂಬಾ ಖುಷಿಯಾಯಿತು.

ಇನ್ನೊಂದು ಬಗೆಯದ್ದು ಇದಕ್ಕಿಂತ ಕೆಟ್ಟದ್ದು. ಕೊಲೆಗಾರ ಎಷ್ಟು ಬುದ್ಧಿವಂತ, ಎಷ್ಟು ನಾಜೂಕಾಗಿ ಕೊಂದ ಅನ್ನುವುದೇ ಪುಟಗಟ್ಟಲೆ. ಸತ್ತವಳಿಗೆ ಒಂದು ಹೆಸರು, ಒಂದು ಸೀರೆಯ ಬಣ್ಣ, ಅಷ್ಟೇ. ಅಂಥ ಪುಸ್ತಕ ಹಿಡಿದರೆ ನನಗೆ 2009 ನೆನಪಾಗುತ್ತದೆ.

ಆ ವರ್ಷ ಅಕ್ಟೋಬರ್‌ನಲ್ಲಿ ನಮ್ಮ ಜಿಲ್ಲೆಯ ಒಬ್ಬ ಶಾಲಾ ಮಾಸ್ತರನನ್ನು ಪೊಲೀಸರು ಹಿಡಿದರು. ಪತ್ರಿಕೆಗಳು ಅವನಿಗೆ ಸಯನೈಡ್ ಮೋಹನ್ ಅಂತ ಹೆಸರಿಟ್ಟವು. ಬಂಟ್ವಾಳ ತಾಲೂಕಿನ ಒಬ್ಬ ಯುವತಿ ಕಾಣೆಯಾದ ಪ್ರಕರಣದಿಂದ ಶುರುವಾಗಿ, ಫೋನ್ ಕರೆಗಳ ದಾಖಲೆ ಹಿಡಿದುಕೊಂಡು ಹೋದಾಗ, ಇಪ್ಪತ್ತು ಹೆಣ್ಣುಮಕ್ಕಳ ಸಾವು ಹೊರಗೆ ಬಂತು. ಹೆಚ್ಚಿನವರು ಬಡವರ ಮನೆಯವರು. ವರದಕ್ಷಿಣೆ ಕೊಡಲಾಗದೆ ಮದುವೆ ತಡವಾಗಿತ್ತು. ಏನೂ ಬೇಡ, ಮದುವೆಯಾಗುತ್ತೇನೆ ಅಂತ ಅವನು ನಂಬಿಸಿದ. ಬೇರೆ ಊರಿಗೆ ಕರೆದುಕೊಂಡು ಹೋದ. ಒಡವೆ ಲಾಡ್ಜಿನಲ್ಲೇ ಬಿಡಿಸಿದ. ಗರ್ಭ ನಿಲ್ಲದಿರಲು ಅಂತ ಹೇಳಿ ಮಾತ್ರೆ ಕೊಟ್ಟ, ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋಗಿ ತೆಗೆದುಕೋ ಅಂದ. ಅದು ಸಯನೈಡ್.

ಮಡಿಕೇರಿಯಲ್ಲಿ ಒಂದು ಶವ, ಮೈಸೂರಿನಲ್ಲಿ ಒಂದು, ಹಾಸನದಲ್ಲಿ ಒಂದು, ಬೆಂಗಳೂರಿನಲ್ಲಿ ಒಂದು. ಒಳಗಿಂದ ಚಿಲಕ ಹಾಕಿದ ಬಾಗಿಲು. ಬೇರೆ ಬೇರೆ ಠಾಣೆ, ಬೇರೆ ಬೇರೆ ಫೈಲು. ಅಸಹಜ ಸಾವು, ಆತ್ಮಹತ್ಯೆ, ಅಪರಿಚಿತ ಮಹಿಳೆ. ಇತ್ತ ಊರಿನಲ್ಲಿ ಮನೆಯವರು, ಮಗಳು ಯಾರ ಜೊತೆಗೋ ಓಡಿಹೋದಳು ಅಂತ ತಲೆ ತಗ್ಗಿಸಿ ಕೂತಿದ್ದರು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯದಲ್ಲಿ ಮೊದಲ ಶಿಕ್ಷೆಗಳಾದವು. ಇಪ್ಪತ್ತನೇ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ.

ಇವತ್ತು ಮಂಗಳೂರಿನಲ್ಲಿ ಯಾರನ್ನು ಕೇಳಿದರೂ ಅವನ ಹೆಸರು ಹೇಳುತ್ತಾರೆ. ಆ ಇಪ್ಪತ್ತು ಜನರಲ್ಲಿ ಒಬ್ಬಳ ಹೆಸರು ಕೇಳಿ ನೋಡಿ.

ನಾನು ಹುಡುಕುವ ಕಾದಂಬರಿಯಲ್ಲಿ ಯಾರಾದರೂ ಒಬ್ಬರು ಸತ್ತವಳ ಮನೆಗೆ ಹೋಗುತ್ತಾರೆ. ಅವಳ ಅಮ್ಮನ ಎದುರು ಕೂರುತ್ತಾರೆ. ಅವಳಿಗೆ ಯಾವ ಹಾಡು ಇಷ್ಟ ಇತ್ತು, ಯಾರ ಹತ್ತಿರ ಸಾಲ ಮಾಡಿದ್ದಳು, ಕೊನೆಯ ಸಲ ಹೊರಡುವಾಗ ಯಾವ ಚಪ್ಪಲಿ ಹಾಕಿದ್ದಳು ಅಂತ ಕೇಳುತ್ತಾರೆ. ಒಂದು ಫೈಲು ಮುಚ್ಚಲು ಬಿಡುವುದಿಲ್ಲ. ಸಾಮಾನ್ಯ ಕಥೆಗಳಲ್ಲಿ ಸಾವು ಬಂದರೆ ಕಥೆ ಮುಗಿಯುತ್ತದೆ. ಇಲ್ಲಿ ಅಲ್ಲಿಂದಲೇ ಶುರು. ಸತ್ತ ಒಬ್ಬಳಿಗಾಗಿ ಮುನ್ನೂರು ಪುಟ ಒಬ್ಬರು ನಿದ್ದೆಗೆಟ್ಟು ಓಡಾಡುತ್ತಾರೆ. ಅದನ್ನು ಓದಿದರೆ ನನಗೆ ಹೆದರಿಕೆ ಆಗುವುದಿಲ್ಲ, ಧೈರ್ಯ ಬರುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಆಟೋದವರೊಬ್ಬರು ಒಬ್ಬ ಹೆಂಗಸನ್ನು ಕರೆತಂದರು. ಪಂಪ್‌ವೆಲ್ ಹತ್ತಿರ ರಸ್ತೆ ಬದಿಯಲ್ಲಿ ಬಿದ್ದಿದ್ದರಂತೆ. ಪಾರ್ಶ್ವವಾಯು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿತ್ತು. ಎಚ್ಚರ ಇತ್ತು, ಮಾತು ಇಲ್ಲ. ಮೊಬೈಲ್ ಇಲ್ಲ, ಚೀಲ ಇಲ್ಲ. ಕೇಸ್ ಶೀಟಿನಲ್ಲಿ 'ಅಪರಿಚಿತ ಮಹಿಳೆ, ವಯಸ್ಸು ಸುಮಾರು 55' ಅಂತ ನಾನೇ ಬರೆದೆ. ಬರೆದ ಮೇಲೆ ಆ ಪದ ನೋಡಲು ಆಗಲಿಲ್ಲ.

ಡ್ರಿಪ್ ಹಾಕಲು ಕೈ ಹಿಡಿದಾಗ ಹೊಗೆಸೊಪ್ಪಿನ ವಾಸನೆ ಬಂತು. ಬೆರಳ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಹೆಬ್ಬೆರಳಿನ ಉಗುರು ಮಾತ್ರ ಉದ್ದ ಇತ್ತು. ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆ ಮೇಲೆ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರ ನಡುವೆ ಬೆಳೆದವಳು ನಾನು. ಕಿವಿಯ ಹತ್ತಿರ ಬಗ್ಗಿ ತುಳುವಿನಲ್ಲಿ ಕೇಳಿದೆ, ಬೀಡಿ ಕಟ್ಟುತ್ತೀರಾ? ಕಣ್ಣಲ್ಲಿ ನೀರು ಬಂತು. ಅವರ ಎಡಗೈಯಲ್ಲಿ ನನ್ನ ಬೆರಳು ಇಟ್ಟು, ಹೌದಾದರೆ ಒತ್ತಿ ಅಂದೆ. ಒತ್ತಿದರು.

ಆಮೇಲೆ ಒಂದೊಂದೇ ಊರಿನ ಹೆಸರು ಹೇಳುತ್ತಾ ಹೋದೆ. ತೊಕ್ಕೊಟ್ಟು, ಮುಡಿಪು, ಗುರುಪುರ, ಫರಂಗಿಪೇಟೆ, ಬಿ.ಸಿ.ರೋಡ್. ನಡುವೆ ಬೇರೆ ರೋಗಿಗಳನ್ನು ನೋಡಿ ಬರುತ್ತಿದ್ದೆ. ಎರಡೂವರೆ ಹೊತ್ತಿಗೆ ಒಂದು ಹೆಸರಿಗೆ ಬೆರಳು ಗಟ್ಟಿಯಾಗಿ ಒತ್ತಿತು. ನಮ್ಮ ಅಟೆಂಡರ್ ಹುಡುಗನ ತಾಯಿಮನೆ ಅದೇ ಕಡೆ. ಬೀಡಿ ಬ್ರಾಂಚ್‌ನವರಿಗೆ ತಮ್ಮಲ್ಲಿಗೆ ಬೀಡಿ ತರುವ ಹೆಂಗಸರೆಲ್ಲ ಗೊತ್ತಿರುತ್ತಾರೆ. ಬೆಳಗಾಗುತ್ತಲೇ ಅವನು ಅಲ್ಲಿನವರಿಗೆ ಫೋನ್ ಮಾಡಿದ. ನಿನ್ನೆ ಪೇಟೆಗೆ ಹೋದ ಯಾರಾದರೂ ಮನೆಗೆ ಬಂದಿಲ್ಲವಾ ಅಂತ ಕೇಳಿದ. ಏಳೂವರೆಗೆ ಹೆಸರು ಸಿಕ್ಕಿತು. ಎಂಟೂಕಾಲಿಗೆ ಮಗಳು ಬಂದಳು, ಬೀಡಿ ಪಾಸ್‌ಬುಕ್ ಕೈಯಲ್ಲಿ ಹಿಡಿದುಕೊಂಡು.

ನನ್ನ ಡ್ಯೂಟಿ ಮುಗಿದಿತ್ತು. ಆದರೂ ಕೇಸ್ ಶೀಟ್ ತೆಗೆದು, 'ಅಪರಿಚಿತ ಮಹಿಳೆ' ಅನ್ನುವುದರ ಮೇಲೆ ಗೆರೆ ಎಳೆದು ಹೆಸರು ಬರೆದೆ. ವಯಸ್ಸನ್ನೂ ತಿದ್ದಬೇಕಾಯಿತು. ಅವರಿಗೆ 47. ಮನೆಗೆ ಹೋಗಿ ಸ್ನಾನ ಮಾಡಿ ಮಲಗಿದವಳು ಸಂಜೆ ನಾಲ್ಕರವರೆಗೆ ಏಳಲಿಲ್ಲ.