ಮನೆಗೊಂದೇ ಬಣ್ಣ

ಏನು ಕೆಲಸ ಅಂತ ನೆಂಟರು ಕೇಳಿದರೆ ನಾನು "ಕನ್ಸಲ್ಟಿಂಗ್" ಅಂತ ಹೇಳಿ ಜಾರಿಕೊಳ್ಳುತ್ತೇನೆ. ರಾಜಕಾರಣಿಗಳಿಗೆ ಚುನಾವಣೆ ಕೆಲಸ ಮಾಡಿಕೊಡುವ ಕಂಪನಿ ಅಂದರೆ ಮುಗೀತು, "ಹಾಗಾದ್ರೆ ಈ ಸಲ ಯಾರು ಬರ್ತಾರೆ?" ಅಂತ ಊಟ ಮುಗಿಯೋವರೆಗೂ ಬಿಡಲ್ಲ. ಟಿವಿಯಲ್ಲಿ ಚುನಾವಣಾ ತಂತ್ರಕ್ಕೆ ಹೆಸರಾದ ಪ್ರಶಾಂತ್ ಕಿಶೋರ್ ಮಾತಾಡೋದನ್ನು ನೋಡಿದವರಿಗೆ ಇದು ಏಸಿ ರೂಮಿನ ಚದುರಂಗ. ನನ್ನ ಪಾಲಿಗೆ ಬಂದದ್ದು ಮತದಾರರ ಪಟ್ಟಿ ಮತ್ತು ಮೂರು ಸ್ಕೆಚ್ ಪೆನ್ನು.

2023ರ ಏಪ್ರಿಲ್. ಮೇ 10ಕ್ಕೆ ವಿಧಾನಸಭೆ ಮತದಾನ. ತುಮಕೂರು ಜಿಲ್ಲೆಯ ಒಂದು ಕ್ಷೇತ್ರದಲ್ಲಿ ಹನ್ನೆರಡು ಬೂತ್ ನನ್ನ ತಲೆಗೆ ಕಟ್ಟಿದ್ದರು. ಪಟ್ಟಿಯಲ್ಲಿ ಹೆಸರು, ಅಪ್ಪನ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು ಇರುತ್ತದೆ. ಜಾತಿ ಇರಲ್ಲ. 2018ರಲ್ಲಿ ಆ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನೋದು ಫಾರಂ 20ರಲ್ಲಿ ಸಿಗುತ್ತದೆ. ಯಾವ ಮನೆಯವರು ಹಾಕಿದರು ಅನ್ನೋದಕ್ಕೆ ಯಾವ ಫಾರಮ್ಮೂ ಇಲ್ಲ, ಊರಿನವರೇ ಬಾಯಿ ಬಿಡಬೇಕು. ಕಂಪನಿಯಲ್ಲಿ ಇದಕ್ಕೆ ಡೇಟಾ ಅಂತಾರೆ. ನಮ್ಮಜ್ಜಿ ಆಗಿದ್ದರೆ ಊರ ಉಸಾಬರಿ ಅಂತಿದ್ದರು.

ಅವತ್ತು ಬೆಳಿಗ್ಗೆ ಒಂದು ಹಳ್ಳಿಯಲ್ಲಿ ಪಂಚಾಯ್ತಿ ಮೆಂಬರ್ ಮನೆ ಜಗಲಿ ಮೇಲೆ ಕೂತೆ. ಊರೆಲ್ಲ ಮೆಂಬರ್ ಅಂತ ಕರೆಯುತ್ತಿದ್ದುದು ಮನೆ ಯಜಮಾನರನ್ನು. ಗೆದ್ದವರು ಅವರ ಹೆಂಡತಿ, ಮಹಿಳಾ ಮೀಸಲು ಸೀಟು. ಆಕೆ ಬಾಗಿಲ ಒಳಗೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಟಕ್, ಟಕ್.

ನಮ್ಮವರು ಹಸಿರು, ಆ ಕಡೆಯವರು ಕೆಂಪು, ಗೊತ್ತಾಗದವರು ಹಳದಿ. ನಾನು ಹೆಸರು ಓದೋದು, ಯಜಮಾನರು ಬಣ್ಣ ಹೇಳೋದು.

"ಬರ್ಕಳಿ ಸಾ, ಆ ಮನೆ ಆರು ಓಟೂ ನಮ್ದೇ."

ಟಕ್ ಟಕ್ ನಿಂತಿತು. ಒಳಗಿಂದ ದನಿ ಬಂತು. "ಅಪ್ಪ, ಮಗ ಇಬ್ರು ನಿಮ್ಮೋರು. ಅತ್ತೆ ಸೊಸೇರೆಲ್ಲ ಕಾರ್ಡ್ ಇಸ್ಕಂಡವ್ರೆ."

ಕಾಂಗ್ರೆಸ್ಸಿನ ಗ್ಯಾರಂಟಿ ಕಾರ್ಡು. ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ ಅಂತ ಮನೆಮನೆಗೂ ಹಂಚುತ್ತಿದ್ದರು. ನಮ್ಮ ಕಂಪನಿ ಆ ಸಲ ಎದುರು ಪಾಳೆಯದಲ್ಲಿತ್ತು. ಯಜಮಾನರು ನಕ್ಕರು. "ಕಾರ್ಡ್ ಇಸ್ಕಳದು ಬೇರೆ, ಓಟು ಬೇರೆ. ಗಂಡ ಹೇಳ್ದಂಗೆ ಒತ್ತುತಾರೆ ಬುಡಿ."

ಹೀಗೇ ಎರಡು ಗಂಟೆ ನಡೆಯಿತು. ಹೊರಗಿನಿಂದ ಹಸಿರು, ಒಳಗಿನಿಂದ ತಿದ್ದುಪಡಿ. ನಾನು ಆಫೀಸಿಗೆ ಫೋನ್ ಮಾಡಿದೆ. "ಒಂದೇ ಮನೇಲಿ ಎರಡು ಬಣ್ಣ ಬರ್ತಿದೆ, ಏನು ಮಾಡ್ಲಿ?" ಆ ಕಡೆಯಿಂದ ಉತ್ತರ ಸಲೀಸಾಗಿ ಬಂತು. "ಆ್ಯಪ್‌ನಲ್ಲಿ ಮನೆಗೊಂದೇ ಬಣ್ಣ ಕಣೋ. ಯಜಮಾನ ಹೇಳಿದ್ದು ಹಾಕು. ಸಂಜೆಯೊಳಗೆ ಅಪ್‌ಲೋಡ್ ಆಗ್ಬೇಕು."

ಹಾಕಿದೆ. ಕೊನೆಗೆ ಅವರದೇ ಮನೆ ಬಂತು. "ನಮ್ದು ಕೇಳ್ತೀರಾ? ಹಸ್ರು!" ಅಂದರು ಯಜಮಾನರು. ಸುಮ್ನೆ ಇರಬಹುದಿತ್ತು, ಆದರೆ ಒಳಗೆ ತಿರುಗಿ "ಅಕ್ಕಾ, ನಿಮ್ದು?" ಅಂದೆ. ಉತ್ತರ ಬರಲಿಲ್ಲ. ಟಕ್ ಟಕ್ ಮಾತ್ರ ಮೊದಲಿಗಿಂತ ಜೋರಾಯಿತು. ಹೊರಡುವಾಗ ಆಕೆ ಪೇಪರಿನಲ್ಲಿ ಒಂದು ಉಂಡೆ ಹುಣಸೆಹಣ್ಣು ಕಟ್ಟಿಕೊಟ್ಟರು. "ಅಮ್ಮಂಗೆ ಕೊಡಿ, ಹೊಸಾದು" ಅಂದರು, ಅಷ್ಟೇ.

ಮೇ 8ಕ್ಕೆ ಬಹಿರಂಗ ಪ್ರಚಾರ ಮುಗಿಯಿತು. ಆ ಕ್ಷೇತ್ರದ ಮತದಾರರಲ್ಲದ ನಮ್ಮಂಥವರು ಜಾಗ ಖಾಲಿ ಮಾಡಲೇಬೇಕು. ಲ್ಯಾಪ್‌ಟಾಪು, ಪಟ್ಟಿ, ಹುಣಸೆಹಣ್ಣಿನ ಜೊತೆ ಬೆಂಗಳೂರಿನ ಬಸ್ಸು ಹತ್ತಿದೆ. 13ಕ್ಕೆ ಎಣಿಕೆ. 224ರಲ್ಲಿ ಕಾಂಗ್ರೆಸ್ಸಿಗೆ 135. ನಮ್ಮ ಅಭ್ಯರ್ಥಿ ಸೋತರು. ಆ ಹಳ್ಳಿಯ ಬೂತಿನಲ್ಲಿ ನಾನು ಬಳಿದ ಹಸಿರಿನ ಅರ್ಧದಷ್ಟೂ ಬಂದಿರಲಿಲ್ಲ.

ವಾರ ಕಳೆದ ಮೇಲೆ ಮೀಟಿಂಗು. ಪರದೆ ಮೇಲೆ ದೊಡ್ಡ ಅಕ್ಷರದಲ್ಲಿ "ಮಹಿಳಾ ಮತದಾರರ ಅನಿರೀಕ್ಷಿತ ಒಲವು" ಅಂತ ಬಂತು. ಅನಿರೀಕ್ಷಿತವಂತೆ! ಬಾಗಿಲ ಒಳಗೆ ಕೂತು ಒಬ್ಬರು ಎರಡು ಗಂಟೆ ಹೇಳಿದ್ದರಲ್ಲ. ಬಾಯಿಗೆ ಬಂದದ್ದನ್ನು ಕಾಫಿ ಜೊತೆ ನುಂಗಿದೆ. ಆ ತಿಂಗಳ ಸಂಬಳ ಇನ್ನೂ ಬಂದಿರಲಿಲ್ಲ, ಅದೂ ಒಂದು ಕಾರಣ.

ಆಮೇಲೆ ನನ್ನನ್ನು ತೆಲಂಗಾಣಕ್ಕೆ ಕಳಿಸಿದರು. ಅಲ್ಲಿ ನವೆಂಬರ್ 30ಕ್ಕೆ ಮತದಾನ. ಹೊಸ ಆ್ಯಪ್ ಕೊಟ್ಟಿದ್ದರು. ಮೊದಲು ತೆರೆದು ನೋಡಿದ್ದೇ ಆ ಕಾಲಂ. ಬಣ್ಣ ಮೂರಿದ್ದದ್ದು ಐದಾಗಿತ್ತು. ಮನೆಗೆ ಮಾತ್ರ ಈಗಲೂ ಒಂದೇ.