ಮೆಣಸಿನಕಾಯಿ ಸುಗ್ಗಿಯಲ್ಲಿ ಹಾಜರಿ ಪುಸ್ತಕ

ಬ್ಯಾಡಗಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ಎರಡು ಕೋಣೆ, ಒಂದು ಅಡುಗೆ ಮನೆ, ಅಂಗಳದಲ್ಲಿ ಒಂದು ಬೇವಿನ ಮರ. ಒಂದರಿಂದ ಐದನೇ ತರಗತಿ ಸೇರಿ ಮಕ್ಕಳು 31. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಹಾಗಾಗಿ ನಾನು ಮತ್ತು ನಮ್ಮ ಹೆಡ್‌ಮಾಸ್ತರು, ಇಬ್ಬರೇ. ಊರವರಿಗೆ ಅವರು ಮಾಸ್ತರು, ನಾನು ಅಕ್ಕೋರು.

ನಾನು ಬೆಳೆದದ್ದು ಧಾರವಾಡ ಪೇಟೆಯಲ್ಲಿ. ಡಿ.ಎಡ್. ಮಾಡಿದ್ದೂ ಅಲ್ಲೇ. ಈ ಊರಿಗೆ ಬಂದ ಮೊದಲ ವರ್ಷ ಜೂನ್‌ನಿಂದ ಡಿಸೆಂಬರ್ ತನಕ ಎಲ್ಲ ಚೆನ್ನಾಗಿತ್ತು. ಜನವರಿ ಬಂತು, ಹಾಜರಿ ಪುಸ್ತಕದಲ್ಲಿ ಗೈರು ಶುರುವಾಯಿತು. ಮೊದಲು ಇಬ್ಬರು, ಆಮೇಲೆ ಐದು, ಒಂದೊಂದು ದಿನ ಎಂಟು ಮಕ್ಕಳು. ಜ್ವರ ಇರಬೇಕು ಅಂದುಕೊಂಡೆ. ಜ್ವರ ಅಲ್ಲ, ಮೆಣಸಿನಕಾಯಿ.

ಬ್ಯಾಡಗಿ ಮೆಣಸಿನಕಾಯಿ ಹೆಸರು ಯಾರಿಗೆ ಗೊತ್ತಿಲ್ಲ ಹೇಳಿ. ಖಾರ ಕಡಿಮೆ, ಬಣ್ಣ ಜಾಸ್ತಿ. ಕಡ್ಡಿ, ಡಬ್ಬಿ ಅಂತ ಎರಡು ತರಹ. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಜನವರಿಯಿಂದ ಮಾರ್ಚ್ ತನಕ ಬ್ಯಾಡಗಿ ಮಾರುಕಟ್ಟೆಗೆ ಕಾಯಿ ಬರುವ ಜೋರು ನೋಡಿದವರಿಗೇ ಗೊತ್ತು. ರಸ್ತೆಗೆ ಕಾಲಿಟ್ಟರೆ ಸೀನು. ಬಂದ ಕಾಯಿಯ ತೊಟ್ಟು ಬಿಡಿಸಬೇಕು. ನಮ್ಮ ಕಡೆ ಅದಕ್ಕೆ ತುಂಬು ಬಿಡಿಸೋದು ಅಂತಾರೆ. ಅದು ಹೆಚ್ಚಾಗಿ ಹೆಂಗಸರ ಕೆಲಸ. ಎಷ್ಟು ಕಿಲೋ ಬಿಡಿಸಿದರೋ ಅಷ್ಟು ದುಡ್ಡು. ನಮ್ಮೂರಿನ ತಾಯಂದಿರು ನಸುಕಿನಲ್ಲಿ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ಟಂಟಂ ಹತ್ತಿ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ಮನೆಯಲ್ಲಿ ಉಳಿಯುವ ಸಣ್ಣ ಕೂಸನ್ನು ಯಾರು ನೋಡಬೇಕು? ಮನೆಯ ಹಿರಿ ಮಗಳು. ಅವಳು ನನ್ನ ನಾಲ್ಕನೇ ತರಗತಿಯಲ್ಲಿ ಇರುತ್ತಾಳೆ.

ಇದೆಲ್ಲ ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲೂ ಹೋಗಿರಲಿಲ್ಲ.

ಆ ವರ್ಷ ಫೆಬ್ರವರಿಯಲ್ಲಿ ಪಾಲಕರ ಸಭೆ ಕರೆದೆ. ಸೋಮವಾರ ಬೆಳಿಗ್ಗೆ 11 ಗಂಟೆಗೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಜೋರಾಗಿ ನಡೆಯುವುದು ಸೋಮವಾರ, ಗುರುವಾರ. ಊರಿನ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ಸಭೆಗೆ ಬಂದವರು ಆರೇ ಜನ. ಅವರಲ್ಲಿ ಒಬ್ಬ ತಾಯಿ ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು. ಅವಳ ಮಗಳು ನಾಲ್ಕನೇ ತರಗತಿ, ಆ ತಿಂಗಳು ಒಂಬತ್ತು ದಿನ ಗೈರು. ಹುಡುಗಿ ಹೆಸರು ಬರೆಯುವುದಿಲ್ಲ, ಊರು ಸಣ್ಣದು.

ನಾನು ಎಲ್ಲರ ಮುಂದೆ ಹಾಜರಿ ಪುಸ್ತಕ ತೆಗೆದು ಆ ತಾಯಿಗೆ ತೋರಿಸಿದೆ. "ಹಿಂಗಾದ್ರ ನಿಮ್ಮ ಮಗಳು ಮುಂದ ಬರೋದು ಹೆಂಗ? ನಿಮಗ ದುಡ್ಡು ಮುಖ್ಯನೋ ಮಗಳು ಮುಖ್ಯನೋ?" ಅಂದುಬಿಟ್ಟೆ. ಆಕೆ ಒಂದು ಮಾತೂ ಆಡಲಿಲ್ಲ. ಸಹಿ ಮಾಡಿ ಅಂತ ಪುಸ್ತಕ ಕೊಟ್ಟರೆ ಪೆನ್ನನ್ನು ಬೆರಳ ತುದಿಗೆ ತಾಗಿಸದೆ ಒಂಥರಾ ಹಿಡಿದುಕೊಂಡಳು. ಸಹಿ ಸೊಟ್ಟಗೆ ಬಂತು. ಬರೆದು ರೂಢಿ ಇಲ್ಲ ಅಂತ ಅಂದುಕೊಂಡೆ.

ಮರುದಿನದಿಂದ ಹುಡುಗಿ ಪೂರ್ತಿ ಬರುವುದನ್ನೇ ನಿಲ್ಲಿಸಿದಳು.

ಒಂದು ವಾರ ನೋಡಿದೆ. ಎರಡನೇ ವಾರ ನಮ್ಮ ಬಿಸಿಯೂಟದ ಅಡುಗೆಯವ್ವ ಪಾತ್ರೆ ತೊಳೆಯುತ್ತಾ, "ಅಕ್ಕೋರ, ಕರದರ ಬರಂಗಿಲ್ಲ ಅವ್ರು. ನೀವ ನಡೀರಿ ಸಂಜೀಕ, ನಾ ಬರ್ತೀನಿ ಜೋಡಿ" ಅಂದರು. ಅಡುಗೆಯವ್ವ ಈ ಶಾಲೆಯಲ್ಲಿ ಬಿಸಿಯೂಟ ಶುರುವಾದ ದಿನದಿಂದ ಇದ್ದಾರೆ. ಯಾವ ಮಗು ಎಷ್ಟು ಉಣ್ಣುತ್ತದೆ, ಯಾವ ಮಗು ಮನೆಯಲ್ಲಿ ಉಂಡಿಲ್ಲ ಅಂತ ಮುಖ ನೋಡಿ ಹೇಳುತ್ತಾರೆ. ಶಾಲೆಯಲ್ಲಿ ಅವರಿಗಿಂತ ಜಾಸ್ತಿ ಊರು ಗೊತ್ತಿರುವವರು ಯಾರೂ ಇಲ್ಲ. ಹೊಸ ಊರಿಗೆ ಹೋಗುವ ಶಿಕ್ಷಕರಿಗೆ ನಾನು ಮೊದಲು ಹೇಳುವುದೇ ಇದು, ಅಡುಗೆ ಮನೆಗೆ ಹೋಗಿ ಕೂತು ಮಾತಾಡಿ.

ಸಂಜೆ ಏಳಕ್ಕೆ ಹೋದೆವು. ತಾಯಿ ಆಗಷ್ಟೇ ಬಂದು ಹೊಸ್ತಿಲಲ್ಲಿ ಕೂತಿದ್ದಳು. ಮಗಳು ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಹಿಡಿದು ಅವ್ವನ ಬೆರಳಿಗೆ ಒಂದೊಂದಾಗಿ ಸವರುತ್ತಿದ್ದಳು. ಉಗುರಿನ ಸಂದಿ ಕೆಂಪಾಗಿ ಸುಲಿದಿತ್ತು. ದಿನವಿಡೀ ಕಾಯಿ ಮುಟ್ಟಿದ ಕೈ ನೀರಿನಲ್ಲಿ ತೊಳೆದರೆ ಉರಿ ಹೋಗುವುದಿಲ್ಲ, ಖಾರ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಸಭೆಯ ದಿನ ಆಕೆ ಪೆನ್ನು ಹಾಗೆ ಹಿಡಿದದ್ದು ಯಾಕೆ ಅಂತ ಆಗ ಅರ್ಥವಾಯಿತು. ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು.

"ಕುಂದರ್ರಿ ಅಕ್ಕೋರ" ಅಂತ ಚಾಪೆ ಹಾಸಿದಳು. ಸಿಟ್ಟಿನ ಒಂದು ಮಾತಿಲ್ಲ. ನಾನೇ, "ಅವತ್ತ ಎಲ್ಲಾರ ಮುಂದ ಹಂಗ ಅನ್ನಬಾರದಿತ್ತವ್ವಾ, ತಪ್ಪಾತು" ಅಂದೆ. ಆಕೆ, "ಇರ್ಲಿ ಬಿಡ್ರಿ, ನೀವ ಹೇಳಿದ್ದು ಖರೇನ ಐತಿ. ಆದ್ರ ಸಣ್ಣದನ್ನ ಎಲ್ಲಿ ಬಿಡ್ಲಿ?" ಅಂದಳು. ಸಣ್ಣ ಕೂಸಿಗೆ ಎರಡು ವರ್ಷವೂ ತುಂಬಿರಲಿಲ್ಲ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ತುಂಬಿದ ಮೇಲೆ.

ಆಗ ಗೋಡೆ ಕಂಡಿತು. ಒಲೆ ಪಕ್ಕದ ಗೋಡೆ ಮೇಲೆ ಇದ್ದಿಲಿನ ಗೆರೆ. ಉದ್ದ ಗೆರೆ, ನಡುವೆ ಗಿಡ್ಡ ಗೆರೆ, ಸಾಲು ಸಾಲು. ಏನಿದು ಅಂತ ಹುಡುಗಿಯನ್ನು ಕೇಳಿದೆ. ಅವ್ವ ದಿನಾ ಬಿಡಿಸಿದ ಕಾಯಿಯ ಲೆಕ್ಕವಂತೆ. ಉದ್ದ ಗೆರೆ ಒಂದು ಕಿಲೋ, ಗಿಡ್ಡ ಗೆರೆ ಅರ್ಧ. ನಾಲ್ಕು ದಿನದ್ದು ಓದಿ ಹೇಳಿದಳು. ಹದಿಮೂರು, ಹನ್ನೊಂದೂವರೆ, ಹದಿನಾಲ್ಕು, ಹನ್ನೆರಡೂವರೆ. "ಎಲ್ಲಾ ಕೂಡಿ ಎಷ್ಟಾತು?" ಅಂದೆ. ಕಣ್ಣು ಮೇಲೆ ಮಾಡಿ ಎರಡು ಕ್ಷಣ ನಿಂತಳು. "ಐವತ್ತೊಂದ್ರೀ."

"ಹೆಂಗ ಮಾಡಿದಿ?"

"ಅರ್ಧ ಅರ್ಧ ಮೊದಲ ಕೂಡಿಸಿಬಿಡ್ತೀನ್ರೀ, ಒಂದಾಗ್ತೇತಿ. ಅದನ್ನ ಬಾಜೂಕ ಇಡ್ತೀನಿ. ಉಳದದ್ದು ಐವತ್ತು."

ಇದೇ ಹುಡುಗಿ ಹಿಂದಿನ ತಿಂಗಳ ಕಿರುಪರೀಕ್ಷೆಯಲ್ಲಿ ಅರ್ಧ, ಕಾಲು, ಮುಕ್ಕಾಲಿನ ಲೆಕ್ಕ ಪೂರ್ತಿ ಖಾಲಿ ಬಿಟ್ಟಿದ್ದಳು. ಆ ಪಾಠ ಮಾಡಿದ ನಾಲ್ಕು ದಿನವೂ ಅವಳು ಬಂದಿರಲಿಲ್ಲ. ನಾನು ಅವಳ ಪುಸ್ತಕದ ಮೇಲೆ 'ಅಭ್ಯಾಸ ಸಾಲದು' ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಅವಳಿಗೆ ಅರ್ಧ ಗೊತ್ತಿತ್ತು. ಒಂದರ ಕೆಳಗೆ ಎರಡು ಬರೆದು ನಡುವೆ ಗೆರೆ ಎಳೆದರೆ ಅದೇ ಅರ್ಧ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಮನೆಯಲ್ಲಿ ಕೂತು ಲೆಕ್ಕ ಕಲಿಯುತ್ತಾಳೆ, ಶಾಲೆಗೆ ಬರದಿದ್ದರೂ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಒಂಬತ್ತು ವರ್ಷದ ಮಗು ಇರಬೇಕಾದ್ದು ಶಾಲೆಯಲ್ಲಿ, ಕೂಸಿನ ತೊಟ್ಟಿಲ ಮುಂದೆ ಅಲ್ಲ. ಆ ಕೈ ಮೆಣಸಿನಕಾಯಿಗಂತೂ ಹೋಗಲೇಬಾರದು. ಆದರೆ ಅವಳನ್ನು ವಾಪಸ್ ಕರೆತರುವ ದಾರಿ ಆ ಮನೆಯ ಹೊಸ್ತಿಲಿನಿಂದ ಶುರುವಾಗುತ್ತದೆ. ಗೈರು ಹಾಕುವ ಪೆನ್ನಿಗೆ ಅದು ಸಿಗುವುದಿಲ್ಲ.

ಹೆಡ್‌ಮಾಸ್ತರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಸಭೆ ಟೈಮ್ ಬದಲು ಮಾಡೋಣ್ರಿ" ಅಂದರು ಅಷ್ಟೇ. ಎಸ್‌ಡಿಎಂಸಿ ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿ, ಅದರಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಅಂತ ಕಾಯ್ದೆಯಲ್ಲೇ ಇದೆ. ನಮ್ಮಲ್ಲೂ ಪಟ್ಟಿಯಲ್ಲಿ ಇದ್ದರು. ಆದರೆ ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಅವರು ಹೇಗೆ ಬರಬೇಕು? ಠರಾವು ಪುಸ್ತಕ ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿತ್ತು, ಅಷ್ಟೇ.

ಮುಂದಿನ ಸಭೆ ರಾತ್ರಿ ಎಂಟಕ್ಕೆ, ಹನುಮಪ್ಪನ ಗುಡಿ ಕಟ್ಟೆ ಮೇಲೆ ಇಟ್ಟೆವು. ಅಡುಗೆಯವ್ವ ಮನೆ ಮನೆಗೆ ಹೇಳಿ ಬಂದರು. ಇಪ್ಪತ್ತಕ್ಕೂ ಜಾಸ್ತಿ ಹೆಂಗಸರು ಬಂದರು, ಕಂಕುಳಲ್ಲಿ ಕೂಸು ಎತ್ತಿಕೊಂಡು. ನಾನು ಹಾಜರಿ ಪುಸ್ತಕ ಒಯ್ಯಲಿಲ್ಲ. ಸಣ್ಣ ಕೂಸುಗಳನ್ನು ಹಗಲು ಯಾರು ನೋಡಬೇಕು ಅನ್ನುವುದೊಂದೇ ಮಾತು ಇಟ್ಟೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಧ ಗಂಟೆ ಗದ್ದಲವೋ ಗದ್ದಲ. ಕೊನೆಗೆ ಶಾಲೆ ಪಕ್ಕದ ಮನೆಯ ಅಜ್ಜಿಯೊಬ್ಬರು, "ನಾ ಹೆಂಗೂ ಮನ್ಯಾಗ ಇರ್ತೀನಿ. ತಂದು ಬಿಡ್ರಿ. ರೊಕ್ಕ ಬ್ಯಾಡ, ಸುಗ್ಗಿ ಮುಗದ ಮ್ಯಾಲ ಎಲ್ಲಾರೂ ಎರಡೆರಡ ಸೇರು ಜೋಳ ಕೊಡ್ರಿ" ಅಂದರು. ನಾಲ್ಕು ಕೂಸು ಅಜ್ಜಿಯ ಪಡಸಾಲೆಗೆ ಬಂದವು. ಅಕ್ಕಂದಿರು ಬಿಡುವಿನ ಹೊತ್ತಿಗೆ ಓಡಿ ಹೋಗಿ ನೋಡಿಕೊಂಡು ಬರುತ್ತಿದ್ದರು. ಆ ಹುಡುಗಿ ಮೂರನೇ ದಿನವೇ ಬಂದಳು.

ಬಂದಳು ಸರಿ, ಆದರೆ ಪಾಠ ಎಲ್ಲಿಗೋ ಹೋಗಿತ್ತು. ಇಲ್ಲಿ ನಲಿ-ಕಲಿ ಬಗ್ಗೆ ಹೇಳಲೇಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಈಗ ಒಂದರಿಂದ ಮೂರನೇ ತರಗತಿ ತನಕ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಾರ್ಡಿನ ಮೇಲೆ ಕಲಿಸುತ್ತೇವೆ. ಗೋಡೆ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತಾನು ಯಾವ ಮೆಟ್ಟಿಲಲ್ಲಿ ಇದ್ದೀನಿ ಅಂತ ತಾನೇ ನೋಡಿಕೊಳ್ಳುತ್ತದೆ. ಹದಿನೈದು ದಿನ ಬಿಟ್ಟು ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು. ಬಂದ ಮಗುವಿಗೆ 'ನೀನು ಹಿಂದೆ ಬಿದ್ದೆ' ಅಂತ ಯಾರೂ ಹೇಳುವುದಿಲ್ಲ. ಹೊಲದ ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಏರ್ಪಾಡು ನಾನು ಕಂಡಿಲ್ಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ಆ ಏಣಿ ತೆಗೆದುಬಿಡುತ್ತೇವೆ. ಪುಸ್ತಕ ಮುಂದೆ ಓಡುತ್ತದೆ, ಮಗು ಬಂದರೂ, ಬರದಿದ್ದರೂ.

ಹಾಗಾಗಿ ನಾಲ್ಕು, ಐದನೇ ತರಗತಿಯ ಗಣಿತಕ್ಕೂ ಕಾರ್ಡು ಮಾಡಿದೆ. ಊರಲ್ಲಿ ಹಳೇ ಲಗ್ನಪತ್ರಿಕೆಗೆ ಬರವೇ? ಹಿಂದಿನ ಖಾಲಿ ಬದಿಯಲ್ಲಿ ಒಂದೊಂದು ಹೆಜ್ಜೆ ಬರೆದು ನಂಬರ್ ಹಾಕಿದೆ. ಭಿನ್ನರಾಶಿಯ ಮೊದಲ ಕಾರ್ಡಿನಲ್ಲಿ ಇದ್ದಿಲಿನ ಗೆರೆ ಬಿಡಿಸಿದೆ, ಉದ್ದದ್ದು, ಗಿಡ್ಡದ್ದು. ಹುಡುಗಿ ಅದನ್ನು ನೋಡಿ, "ಅಕ್ಕೋರ, ಇದು ನಮ್ಮ ಮನೀ ಗ್ವಾಡಿ!" ಅಂತ ಇಡೀ ತರಗತಿಗೆ ಕೇಳುವಂತೆ ಕೂಗಿದಳು. ಗಿಡ್ಡ ಗೆರೆಯ ಪಕ್ಕ ½ ಬರೆದು ತೋರಿಸಿದೆ. ಆ ಕಾರ್ಡು ಮುಗಿಸಲು ಅವಳಿಗೆ ಒಂದು ಪಿರಿಯಡ್ ಕೂಡ ಬೇಕಾಗಲಿಲ್ಲ.

ಎಲ್ಲ ಸರಿಹೋಯಿತು ಅಂತಲ್ಲ. ಐದನೇ ತರಗತಿಯ ಒಬ್ಬ ಹುಡುಗನ ಮನೆಯವರು ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೋದರು, ಅವನನ್ನೂ ಕರೆದುಕೊಂಡು. ಕಾರ್ಡಿನ ಕಟ್ಟು ಅವನ ಚೀಲದಲ್ಲಿ ಹಾಕಿ ಕಳಿಸಿದ್ದೆ. ಬೇಸಿಗೆಯಲ್ಲಿ ವಾಪಸ್ ಬಂದಾಗ ಕಟ್ಟಿನ ದಾರ ಬಿಚ್ಚಿರಲೇ ಇಲ್ಲ. ಅವನಿಗೆ ಏನು ಮಾಡಬೇಕಿತ್ತು ಅಂತ ಇವತ್ತಿಗೂ ಯೋಚನೆ ಮಾಡುತ್ತೇನೆ.

ಅಲ್ಲಿಂದ ಊರು ಶಾಲೆಗೆ ಬರುವುದು ಜಾಸ್ತಿಯಾಯಿತು. ಮಣ್ಣೆತ್ತಿನ ಅಮಾವಾಸ್ಯೆಗೆ ಇಬ್ಬರು ಅಜ್ಜಂದಿರು ಎರೆಮಣ್ಣು ತಂದು ಬೇವಿನ ಮರದ ಕೆಳಗೆ ಕೂತು ಮಕ್ಕಳಿಗೆ ಎತ್ತು ಮಾಡುವುದು ಹೇಳಿಕೊಟ್ಟರು. ಕೊಂಬು ಬೀಳದಂತೆ ಒಳಗೆ ಕಡ್ಡಿ ಚುಚ್ಚಬೇಕು, ಒಣಗುವಾಗ ನೆರಳಲ್ಲಿ ಇಡಬೇಕು, ಇಲ್ಲದಿದ್ದರೆ ಮಣ್ಣು ಬಿರಿಯುತ್ತದೆ. ಬಿಸಿಲಲ್ಲಿ ಯಾಕೆ ಬಿರಿಯುತ್ತದೆ ಅನ್ನುವ ಪ್ರಶ್ನೆಗೆ ಆ ವಾರದ ಪರಿಸರ ಅಧ್ಯಯನದ ಎರಡು ಪಿರಿಯಡ್ ಹೋಯಿತು. ಖಾರದ ಕೈಗೆ ಎಣ್ಣೆಯೇ ಯಾಕೆ ಅಂತಲೂ ಒಂದು ದಿನ ಪ್ರಯೋಗ ಮಾಡಿದೆವು. ಒಂದು ಲೋಟದಲ್ಲಿ ನೀರು, ಒಂದರಲ್ಲಿ ಎಣ್ಣೆ, ಎರಡಕ್ಕೂ ಖಾರದಪುಡಿ. ಎಣ್ಣೆ ಕೆಂಪಾಯಿತು, ನೀರಿನ ಬಣ್ಣ ಅಷ್ಟಾಗಿ ಬದಲಾಗಲಿಲ್ಲ. ಮಕ್ಕಳು ಅದನ್ನು ಮನೆಯಲ್ಲಿ ಅವ್ವಂದಿರಿಗೆ ಮಾಡಿ ತೋರಿಸಿದರಂತೆ.

ಆ ಹುಡುಗಿ ಈಗ ಪಕ್ಕದ ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿ. ತಂಗಿ ಈಗ ಅಂಗನವಾಡಿಗೆ ಹೋಗುತ್ತಾಳೆ. ಗೋಡೆಗೆ ಸುಣ್ಣ ಬಳಿದಿದ್ದಾರೆ, ಲೆಕ್ಕ ಈಗ ನೋಟ್‌ಬುಕ್ಕಿನಲ್ಲಿ ಇದೆ, ಬರೆಯುವುದು ತಾಯಿಯೇ.

ಈ ವರ್ಷದ ಸುಗ್ಗಿ ಹತ್ತಿರ ಬಂದಿದೆ. ನಿನ್ನೆ ಅಡುಗೆಯವ್ವನ ಜೊತೆ ಮನೆ ಮನೆ ಸುತ್ತಿ ಬಂದೆ. ಈ ಸಲ ಅಜ್ಜಿಯ ಪಡಸಾಲೆಗೆ ಆರು ಕೂಸು. ಚಾಪೆ ಹರಿದಿದೆ, ಎರಡು ಜಮಖಾನೆ ಬೇಕು ಅಂದಿದ್ದಾರೆ ಅಜ್ಜಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬ್ಯಾಡಗಿಗೆ ಹೋಗಿ ತರಬೇಕು.