ರಾಜನಿಗೆ ಪಟ್ಟ, ನಮ್ಮ ಬೀದಿಯಲ್ಲಿ ಊಟ

2023ರ ಮೇ 6, ಶನಿವಾರ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮೂರನೇ ಚಾರ್ಲ್ಸ್‌ಗೆ ಪಟ್ಟ ಕಟ್ಟಿದ ದಿನ. ನಾವಿರುವುದು ಅಲ್ಲಿಂದ ದೂರದ ಪುಟ್ಟ ಊರು. ಅವತ್ತು ಮಳೆ. ಮನೆಯಲ್ಲೇ ಟಿವಿ ಮುಂದೆ ಕೂತೆವು. ಅತ್ತ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಅಮ್ಮನೂ ಫೋನ್ ಹಿಡಿದು ಟಿವಿ ಮುಂದೆಯೇ. ನಮಗೆ ಮಧ್ಯಾಹ್ನ 12, ಅವರಿಗೆ ನಾಲ್ಕೂವರೆಯ ಕಾಫಿ ಹೊತ್ತು.

ನಾವು ಕೆಳದಿ ಅರಸರ ಸೀಮೆಯವರು. ಇಕ್ಕೇರಿಯಲ್ಲಿ ಅಘೋರೇಶ್ವರ ದೇವಸ್ಥಾನ ಉಳಿದಿದೆ, ಅರಮನೆ ಇಲ್ಲ. ಪಟ್ಟಾಭಿಷೇಕ ಅಂದರೆ ನಮಗೆ ಶಾಲೆಯ ಪಾಠ ಅಷ್ಟೆ. ಹಾಗಾಗಿ ಇಬ್ಬರೂ ಕಣ್ಣು ಕೀಳದೆ ನೋಡಿದೆವು. ಕಿರೀಟ 1661ರದ್ದು, ತೂಕ ಎರಡು ಕೆಜಿಗೂ ಜಾಸ್ತಿ. ಎಣ್ಣೆ ಹಚ್ಚುವ ಶಾಸ್ತ್ರ ಬಂದಾಗ ಸುತ್ತ ಪರದೆ ನಿಲ್ಲಿಸಿದರು, ಕ್ಯಾಮರಾಕ್ಕೂ ಕಾಣದ ಹಾಗೆ. "ನೈವೇದ್ಯದ ಹೊತ್ತಿಗೆ ಗರ್ಭಗುಡಿ ಪರದೆ ಎಳೀತಾರಲ್ಲ, ಹಾಗೇ ಕಣೆ" ಅಂದರು ಅಮ್ಮ.

ನಮ್ಮ ಬೀದಿಯ ಹಬ್ಬ ಮಾರನೇ ದಿನ. ಆ ಭಾನುವಾರ ದೇಶದ ತುಂಬ ಹೀಗೇ ಅಕ್ಕಪಕ್ಕದವರು ಸೇರಿ ಊಟ ಮಾಡಿದರು. ಕೌನ್ಸಿಲ್‌ಗೆ ಮೊದಲೇ ಅರ್ಜಿ ಹಾಕಿ ರಸ್ತೆ ಮುಚ್ಚಿಸಿದ್ದೆವು. ಈ ಮನೆಯಿಂದ ಆ ಮನೆಗೆ ಕೆಂಪು, ಬಿಳಿ, ನೀಲಿ ಬಣ್ಣದ ಮೂರುಮೂಲೆ ಬಾವುಟಗಳ ಸಾಲು. ನಡುರಸ್ತೆಯಲ್ಲಿ ಮೇಜು.

ಅರಮನೆಯವರು ಈ ಸಲದ ಊಟಕ್ಕೆಂದೇ ಆರಿಸಿದ್ದ ತಿಂಡಿ ಕೀಶ್. ಮೊಟ್ಟೆ, ಚೀಸ್, ಪಾಲಕ್ ತುಂಬಿ ಬೇಯಿಸುವ ಹಿಟ್ಟಿನ ತಟ್ಟೆ. ಅವರು ಕೊಟ್ಟ ವಿಧಾನದಲ್ಲಿ ಹಿಟ್ಟಿಗೆ ಬೆಣ್ಣೆಯ ಜೊತೆ ಹಂದಿ ಕೊಬ್ಬೂ ಇತ್ತು. ನಾನು ಮೊಟ್ಟೆ ತಿಂತೀನಿ, ಮಾಂಸ ತಿನ್ನಲ್ಲ. ಅದು ಗೊತ್ತಿದ್ದ ಪಕ್ಕದ ಮನೆಯವರು ಬರೀ ಬೆಣ್ಣೆಯಲ್ಲಿ ಇನ್ನೊಂದು ಮಾಡಿ, ಮೇಲೆ ಚೀಟಿ ಅಂಟಿಸಿ ತಂದಿದ್ದರು. ಕಣ್ಣು ತುಂಬಿ ಬಂತು. ನಾನು ಚಿತ್ರಾನ್ನದ ಜೊತೆ ಅಮ್ಮ ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಇಟ್ಟೆ. ಚೀಸಿನ ಜೊತೆ ಅದನ್ನು ಚಪ್ಪರಿಸಿದವರೇ ಜಾಸ್ತಿ!

ಎದುರು ಮನೆಯ ಅಜ್ಜಿ 1953ರ ಜೂನ್ 2 ನೆನೆದರು. ಆಗ ರಾಣಿ ಎಲಿಜಬೆತ್ ಪಟ್ಟಾಭಿಷೇಕ. ಸಕ್ಕರೆಗೆ ಇನ್ನೂ ರೇಷನ್. ಬೀದಿಗೆ ಒಂದೇ ಟಿವಿ, ಆ ಮನೆಯ ಮೆಟ್ಟಿಲ ಮೇಲೂ ಜನ.

ರಾಜನೇ ಬೇಡ ಅನ್ನುವವರೂ ನಮ್ಮ ಬೀದಿಯಲ್ಲಿದ್ದಾರೆ. ಹಿಂದಿನ ದಿನ ಲಂಡನ್ನಿನಲ್ಲಿ ಅಂಥ ಕೆಲವರನ್ನು ಪೊಲೀಸರು ಹಿಡಿದಿದ್ದರು. ನಮ್ಮವರು ಮನೆಗೆ ಬಾವುಟ ಕಟ್ಟಲಿಲ್ಲ, ಊಟಕ್ಕೆ ಬಂದರು. ಮೇಜು ಹೊತ್ತವರೂ ಅವರೇ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು.

ಅಮ್ಮನಿಗೆ ಹೇಳಿದ್ದೀನಿ, ಮುಂದಿನ ಸಲ ಮಿಡಿ ಹಾಕುವಾಗ ನಮ್ಮ ಬೀದಿಗೂ ಸೇರಿಸಿ ಹಾಕು ಅಂತ.